ಒಲೆ ಹತ್ತಿದರೆ ಆರುವ ದೀಪ

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಸೂಜಿ ಅಕ್ಕ ಎಂದೇ ಹೆಸರು. ಕೈಕಾಲು ಬಡಿಯುವ ಕೂಸಿನ ನರ ಸಿಗದೆ ಉಳಿದವರು ಬೆವರುವಾಗ ಅವಳಿಗೆ ಕರೆ ಹೋಗುತ್ತಿತ್ತು. ಎಡಗೈ ತೋರುಬೆರಳಿನಲ್ಲಿ ನರ ತಡವಿ, ಕೂಸು ಅಳಲು ಬಾಯಿ ತೆರೆಯುವುದರೊಳಗೆ ರಕ್ತ ತೆಗೆದು ಹತ್ತಿ ಒತ್ತಿಬಿಡುತ್ತಿದ್ದಳು. ಇಂಥ ಕೈಗೆ ಸ್ವಿಚ್ಚು ಒತ್ತಲು ಬರುವುದಿಲ್ಲವೆಂದು ಮನೆಯಲ್ಲಿ ತೀರ್ಮಾನವಾಗಿ ಎರಡು ತಿಂಗಳಾಗಿತ್ತು.

ಮೂರನೆಯ ಮಹಡಿಯ ಆ ಫ್ಲ್ಯಾಟಿನಲ್ಲಿ ಅಡುಗೆಮನೆಯ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿತ್ತು. ಬೆಳಿಗ್ಗೆ ಒಂಬತ್ತರವರೆಗೂ ದೀಪ ಬೇಕು. ಅದರ ಸ್ವಿಚ್ಚೋ ಒಲೆಯ ಪಕ್ಕದಲ್ಲೇ, ಕುಕ್ಕರಿನ ಹಬೆ ನೇರವಾಗಿ ಬಡಿಯುವ ಕಡೆ. ಆರು ಗಂಟೆಗೆ ಒತ್ತಿದರೆ ದೀಪ ಹತ್ತುತ್ತಿತ್ತು. ಎರಡೂ ಒಲೆ ಉರಿದು ಕಾಲು ಗಂಟೆಯಾಗುತ್ತಲೇ ಚಟಚಟ ಸದ್ದು ಮಾಡಿ ಆರುತ್ತಿತ್ತು. ಆಮೇಲೆ ಹತ್ತು ಸಲ ಒತ್ತಿದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ.

ಗಂಡ ಕಾರ್ಖಾನೆಯಲ್ಲಿ ಯಂತ್ರಗಳ ತಪಾಸಣೆ ಮಾಡುವ ಅಧಿಕಾರಿ. ಕಣ್ಣಾರೆ ಕಾಣದ ದೋಷಕ್ಕೆ ರಿಪೇರಿ ಚೀಟಿ ಬರೆದವನಲ್ಲ. ಅದೇ ನಿಯಮ ಮನೆಗೂ. ಸಂಜೆ ಬಂದು, ಮುಖ ತೊಳೆದು, ಅವನು ಅಡುಗೆಮನೆಗೆ ಕಾಲಿಡುತ್ತಿದ್ದ. ರಾತ್ರಿಯ ಅಡುಗೆಯನ್ನೂ ಅವಳು ಬೆಳಿಗ್ಗೆಯೇ ಮುಗಿಸಿಹೋಗುತ್ತಿದ್ದುದರಿಂದ ಆ ಹೊತ್ತಿಗೆ ಒಲೆ, ಗೋಡೆ ಎಲ್ಲ ತಣ್ಣಗಿರುತ್ತಿದ್ದವು. ಸ್ವಿಚ್ಚು ಸಾಹೇಬರೆದುರಿನ ಗುಮಾಸ್ತನಂತೆ ಹೇಳಿದ ಹಾಗೆ ಕೇಳುತ್ತಿತ್ತು. ಆದರೂ ಅವನು ಬಲ್ಬು ಬದಲಾಯಿಸಿದ, ಟೆಸ್ಟರ್ ಹಿಡಿದು ಹಜಾರದ ಸ್ವಿಚ್ಚುಗಳನ್ನೆಲ್ಲ ಪರೀಕ್ಷಿಸಿದ. ಅವಳು ಒದ್ದೆ ಕೈಯಲ್ಲಿ ಒತ್ತುವುದೇ ಕಾರಣವೆಂದು ಕೊನೆಗೆ ವರದಿ ಕೊಟ್ಟ.

ಬೆಳಿಗ್ಗೆ ಬಂದು ನೋಡಿ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಬೆಳಿಗ್ಗೆ ಅವನಿಗೆ ವಾಕಿಂಗ್ ಇತ್ತು, ಪೇಪರ್ ಇತ್ತು. ಎಲೆಕ್ಟ್ರಿಷಿಯನ್ನನ್ನು ಕರೆಸುತ್ತೇನೆಂದರೆ, ಇಲ್ಲದ ದೋಷ ತೋರಿಸಿ ತನ್ನ ಮಾನ ಕಳೆಯಬೇಡ ಎಂದ. ಅತ್ತೆ ಸೊಪ್ಪು ಸೋಸುತ್ತಲೇ ಒಗ್ಗರಣೆ ಹಾಕಿದರು: "ನನ್ನ ಮಗ ಮುಟ್ಟಿದ್ರೆ ಹತ್ತುತ್ತಲ್ಲಮ್ಮ. ಒಬ್ಬೊಬ್ಬರ ಕೈಗುಣ."

ಒಂದು ಬೆಳಿಗ್ಗೆ ದೀಪ ಆರಿದ ಗಳಿಗೆಯಲ್ಲಿ ಚಾಕು ಅವಳ ತೋರುಬೆರಳಿಗೇ ಇಳಿಯಿತು. ನರ ತಡವುವ ಬೆರಳು. ಗಾಯ ಮಾಯುವವರೆಗೆ ಸೂಜಿ ಮುಟ್ಟಬೇಡಿ, ರಿಜಿಸ್ಟರ್ ಬರೆಯಿರಿ ಎಂದರು ಲ್ಯಾಬಿನ ಮುಖ್ಯಸ್ಥೆ. ಇನ್ನೊಮ್ಮೆ ಹೀಗಾದರೆ ಮಕ್ಕಳ ವಾರ್ಡನ್ನು ಬೇರೆಯವರಿಗೆ ವಹಿಸಬೇಕಾಗುತ್ತದೆ ಎಂದೂ ಮೆಲ್ಲಗೆ ಸೇರಿಸಿದರು. ಹದಿನಾರು ವರ್ಷ ಅವಳದೇ ಆಗಿದ್ದ ವಾರ್ಡು. ಮನೆಗೆ ಬಂದವಳೇ, ಬೆರಳು ವಾಸಿಯಾಗುವ ತನಕ ಚಾಕು, ಒಲೆ ಎರಡನ್ನೂ ಮುಟ್ಟುವುದಿಲ್ಲ ಎಂದಳು. ಅತ್ತೆಗೆ ಮಂಡಿನೋವು. ಅದರಲ್ಲೇನಿದೆ ಮಹಾ, ಒಂದು ಗಂಟೆಯ ಕೆಲಸ ಎಂದ ಗಂಡ.

ಮರುದಿನ ಆರಕ್ಕೆ ಅವನು ಎರಡೂ ಒಲೆ ಹಚ್ಚಿದ. ಆರೂಕಾಲಿಗೆ ಒಳಗಿನಿಂದ ದನಿ ಬಂತು.

"ಏ, ಲೈಟ್ ಹೋಯ್ತು."

ಅವನ ಕುರ್ಚಿಯಲ್ಲಿ ಅವನ ಪೇಪರ್ ಓದುತ್ತಿದ್ದ ಅವಳು ಹಾಳೆ ತಿರುವಿದಳು. "ಕೈ ಒದ್ದೆ ಇತ್ತಾ, ನೋಡಿ."

ಅತ್ತೆ ಮಗನ ಕೈಗೊಂದು ಒಣಬಟ್ಟೆ ಕೊಟ್ಟರು.

ಎಂಟಕ್ಕೆಲ್ಲ ಎಲೆಕ್ಟ್ರಿಷಿಯನ್ ಬಂದಿದ್ದ. ಮೇನ್ ಆಫ್ ಮಾಡಿ ಬೋರ್ಡು ಬಿಚ್ಚಿದರೆ, ಸ್ಕ್ರೂ ಸಡಿಲವಾಗಿ ವೈರಿನ ತುದಿ ಸುಟ್ಟು ಕಪ್ಪಾಗಿತ್ತು.

"ಬಿಸಿ ತಾಗಿದ ಕೂಡ್ಲೇ ಬಿಟ್ಕೊಳ್ಳುತ್ತೆ ಸಾರ್. ಎಷ್ಟು ದಿನದಿಂದ ಹೀಗಿದೆ?"

"ಇವತ್ತು ಬೆಳಿಗ್ಗೆಯಿಂದ" ಎಂದ ಗಂಡ.

ಅವನು ಸುಳ್ಳು ಹೇಳಲಿಲ್ಲ. ಅವನ ನಿಯಮದ ಪ್ರಕಾರ ಆ ದೋಷ ಹುಟ್ಟಿದ್ದೇ ಅಂದು. ವೈರಿನ ತುದಿ ಕತ್ತರಿಸಿ, ಹೊಸ ಸ್ವಿಚ್ಚು ಕೂರಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಮೊದಲ ದಿನವೇ ದೋಷ ಪತ್ತೆಹಚ್ಚಿದ ಕಥೆಯನ್ನು ಅವನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ.

ವಾರದಲ್ಲಿ ಬೆರಳು ಮಾಯಿತು. ಮುಖ್ಯಸ್ಥೆ ಮಡಚಿಸಿ, ಬಿಡಿಸಿ ನೋಡಿ ಮಕ್ಕಳ ವಾರ್ಡಿಗೆ ಕಳಿಸಿದರು. ಸಂಜೆ ಆಸ್ಪತ್ರೆಯ ಗೇಟು ದಾಟುವ ಮುಂಚೆ ಅವಳು ಅದೇ ಬೆರಳಿಗೆ ಅಚ್ಚುಕಟ್ಟಾಗಿ ಹೊಸ ಪಟ್ಟಿ ಸುತ್ತಿಕೊಂಡಳು. ಮರುದಿನವೂ ಸುತ್ತಿಕೊಂಡಳು. ಬೆಳಗಿನ ಒಲೆ ಗಂಡನ ಪಾಲಿಗೇ ಉಳಿಯಿತು.

ಮೂರನೆಯ ವಾರ ಗಂಡನಿಗೆ ಅನುಮಾನ ಬಂತು. ಪಟ್ಟಿಯ ಮೇಲಿನಿಂದಲೇ ಬೆರಳನ್ನು ಒತ್ತಿ, ತಿರುಗಿಸಿ ತಪಾಸಣೆ ಮಾಡಿದ.

"ನೋವಿದ್ದ ಹಾಗೆ ಕಾಣೋಲ್ವಲ್ಲ?"

"ಸಂಜೆ ಹೊತ್ತು ಚೆನ್ನಾಗೇ ಇರುತ್ತೆ ರೀ" ಎಂದಳು ಅವಳು. "ಬೆಳಿಗ್ಗೆ ಒಲೆ ಮುಂದೆ ನಿಂತಾಗಲೇ ಕೈಕೊಡೋದು."