ಈರುಳ್ಳಿ ಹೊಲದಿಂದ ವಿಮಾನಕ್ಕೆ ಕೂಗಿದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ತರೀಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು ನಾನು. ನೀವೂ ನಂಬಲೇಬೇಕೆಂದು ಒತ್ತಾಯವಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ವಿಮಾನದ ಸದ್ದು ಕೇಳಿದರೆ ಕೆಲಸ ಬಿಟ್ಟು ಎಲ್ಲರೂ ಮೇಲೆ ನೋಡುತ್ತಿದ್ದ ಕಾಲ. ನಮ್ಮ ಹೊಲ ಅಜ್ಜಂಪುರದ ಹತ್ತಿರ. ಅಪ್ಪನಿಗೆ ಒಬ್ಬಳೇ ತಂಗಿ, ಸಾಕಮ್ಮತ್ತೆ. ತಾಯಿಯಿಲ್ಲದ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅಪ್ಪನೇ. ಅವಳು ಬೆಂಗಳೂರಿನಲ್ಲಿ ನರ್ಸ್ ಆಗಿ, ಬೇರೆ ಜಾತಿಯವನನ್ನು ಮದುವೆಯಾದ ಮೇಲೆ ಎಂಟು ವರ್ಷ ಅಪ್ಪ ಅವಳ ಹೆಸರೆತ್ತಲಿಲ್ಲ. ಅವಳ ಕಾಗದ ಬರುತ್ತಿದ್ದದ್ದು ನನಗೆ.

ಆ ಶ್ರಾವಣದಲ್ಲಿ ಒಂದು ಕಾಗದ ಬಂತು. ಗಂಡನಿಗೆ ಗೋವಾಕ್ಕೆ ವರ್ಗವಾಗಿದೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಾನೂ ವಿಮಾನದಲ್ಲಿ ಹೊರಡುತ್ತೇನೆ, ಅದು ನಮ್ಮೂರ ಕಡೆಯಿಂದಲೇ ಹೋಗುತ್ತದಂತೆ ಎಂದು ಬರೆದಿದ್ದಳು. ನಾನು ಅಟ್ಲಾಸ್ ತೆರೆದು ಬೆಂಗಳೂರಿನಿಂದ ಗೋವಾದ ವಿಮಾನ ನಿಲ್ದಾಣವಿರುವ ದಾಬೋಲಿಮ್‌ಗೆ ದಾರ ಹಿಡಿದೆ. ಅಜ್ಜಂಪುರದ ಪಕ್ಕದಲ್ಲೇ ಹಾದುಹೋಯಿತು. ಹಾರಾಟ ಸುಮಾರು ಒಂದು ಗಂಟೆ. ನಮ್ಮೂರು ಅರ್ಧ ದಾರಿಗಿಂತ ತುಸು ಮೊದಲು. ಅಂದರೆ ಹತ್ತೂ ಇಪ್ಪತ್ತೈದಕ್ಕೆ ಅತ್ತೆ ನಮ್ಮ ತಲೆಯ ಮೇಲಿರುತ್ತಾಳೆ. ಉಣ್ಣುತ್ತಿದ್ದ ಅಪ್ಪನಿಗೂ ಕೇಳಲಿ ಎಂದು ಇದನ್ನು ಅಮ್ಮನಿಗೆ ಗಟ್ಟಿಯಾಗಿ ಹೇಳಿದೆ.

“ಹೋದ್ರೆ ಹೋಗ್ಲಿ, ನಂಗೇನು” ಎಂದ ಅಪ್ಪ.

ಭಾನುವಾರ ಅಪ್ಪ, ನಾನು ಇಬ್ಬರೇ ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತಿದ್ದೆವು. ಮೋಡ ಕವಿದಿತ್ತು. “ಗಂಟೆ ಎಷ್ಟಾಯ್ತೋ?” ಎಂದು ಅಪ್ಪ ಮೂರು ಸಲ ಕೇಳಿದ. ಸರಿಯಾಗಿ ಹತ್ತೂ ಇಪ್ಪತ್ತೈದಕ್ಕೆ ಮೋಡದಾಚೆ ಗುಂಯ್ ಎಂಬ ಸದ್ದು ಕೇಳಿಸಿತು. ವಿಮಾನ ಕಾಣಲಿಲ್ಲ. ಅಪ್ಪ ಕೈಯಲ್ಲಿದ್ದ ಕಳೆ ಎಸೆದು, ಬದುವಿನ ಮೇಲೆ ಹತ್ತಿ, ಟವೆಲ್ ಬೀಸುತ್ತ ಗಂಟಲು ಹರಿಯುವ ಹಾಗೆ ಕೂಗಿದ:

“ಲೇ ಸಾಕೀ! ಕಿಟಕಿಯಿಂದ ಕೈ ಹೊರ್ಗೆ ಹಾಕ್ಬೇಡ ಕಣೇ!”

ಬಸ್ಸು, ರೈಲು ಬಿಟ್ಟು ಬೇರೇನೂ ಹತ್ತದ ಮನುಷ್ಯ. ನನಗೆ ನಗು ಬಂತು. ಅವನು ಇತ್ತ ತಿರುಗಿದಾಗ ಒದ್ದೆಯಾಗಿದ್ದ ಆ ಮುಖ ನೋಡಿ ಬಗ್ಗಿ ಮತ್ತೆ ಕಳೆ ಕೀಳತೊಡಗಿದೆ. “ಯಾರ್ಗೂ ಹೇಳ್ಬೇಡ” ಎಂದ. ನಾನು ಯಾರಿಗೂ ಹೇಳಲಿಲ್ಲ.

ವಾರದ ಮೇಲೆ ಗೋವಾದಿಂದ ಅತ್ತೆಯ ಕಾಗದ ಬಂತು. ಅವಳ ವಿಮಾನ ಆ ದಿನ ಹೊರಟದ್ದೇ ಮಧ್ಯಾಹ್ನ ಮೂರರ ಮೇಲಂತೆ. ‘ಹತ್ತೂವರೆ ಹೊತ್ತಿಗೆ ಬೆಂಗಳೂರಿನ ನಿಲ್ದಾಣದಲ್ಲೇ ಕೂತಿದ್ದೆ. ಅಣ್ಣ ಕೂಗಿದ ಹಾಗಾಯಿತು ಕಣೋ. ಸಾಕೀ, ಕಿಟಕಿಯಿಂದ ಕೈ ಹೊರಗೆ ಹಾಕಬೇಡ ಅಂತ. ಎದ್ದು ಎಲ್ಲಾ ಕಡೆ ಹುಡುಕಿದೆ. ಅಣ್ಣ ಚೆನ್ನಾಗಿದ್ದಾನೆ ತಾನೆ?’

ಕಾಗದವನ್ನು ಎರಡು ಸಲ ಓದಿದೆ. ಅಪ್ಪನೆದುರು ಕೂತು ಓದಿ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಕೇಳಿದ್ದು ಇಷ್ಟೇ: “ಗೋವಾಕ್ಕೆ ರೈಲು ಎಷ್ಟೊತ್ತಿಗೈತೆ?”

ದೀಪಾವಳಿಗೆ ಮೊದಲು ಒಂದು ಮೂಟೆ ಈರುಳ್ಳಿ ಹೊತ್ತು ಅಜ್ಜಂಪುರದಲ್ಲಿ ರೈಲು ಹತ್ತಿದ. ಹಿಂದಿರುಗುವಾಗ ಅತ್ತೆ, ಅವಳ ಗಂಡ ಇಬ್ಬರೂ ಜೊತೆಗಿದ್ದರು. ಆ ವರ್ಷದ ಹಬ್ಬದಷ್ಟು ನಗು ನಮ್ಮ ಮನೆಯಲ್ಲಿ ಮತ್ತೆಂದೂ ಕೇಳಲಿಲ್ಲ.

ಅಪ್ಪ, ಅತ್ತೆ ಇಬ್ಬರೂ ಈಗಿಲ್ಲ. ಅಂದು ಮೋಡದಾಚೆ ಹೋದದ್ದು ಬೇರಾವುದೋ ವಿಮಾನವಿರಬಹುದು, ಅದನ್ನು ಒಪ್ಪಬಲ್ಲೆ. ಆದರೆ ಆ ಕೂಗು ಬೆಂಗಳೂರಿಗೆ ಮುಟ್ಟಿದ್ದು ಹೇಗೆ? ಇವತ್ತಿಗೂ ನನಗೆ ತಿಳಿಯದು. ಒಮ್ಮೆ ಅಪ್ಪನನ್ನೇ ಕೇಳಿದ್ದೆ. ಅವನು ನನ್ನನ್ನು ದಡ್ಡನಂತೆ ನೋಡಿ ಹೇಳಿದ್ದ:

“ಕೂಗ್ದೆ, ಕೇಳುಸ್ತು. ಅದ್ರಲ್ಲೇನೈತೋ?”