ಸಾಯ್ಬರು ಬಿಟ್ಟು ಅಳೆದ ದಾರಿ

ಸಾಯ್ಬರ ಬಲಗೈ ಹೆಬ್ಬೆರಳಿನ ಉಗುರೊಂದು ಮಾತ್ರ ಉದ್ದ. ಬಟ್ಟೆಯ ಮಡಿಕೆ ಒತ್ತುವುದಕ್ಕೆ ಒಮ್ಮೆ, ನಮ್ಮೂರ ರಸ್ತೆಗಳ ತಿರುವು ಒತ್ತುವುದಕ್ಕೆ ಇನ್ನೊಮ್ಮೆ, ಎರಡಕ್ಕೂ ಅದೇ ಉಗುರು.

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ನನ್ನ ಬಾಡಿಗೆ ಕಾರು ನಿಲ್ಲುತ್ತಿದ್ದ ಜಾಗಕ್ಕೆ ತಾಗಿಕೊಂಡೇ ಟೈಲರ್ ಸಾಯ್ಬರ ಅಂಗಡಿ. ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಕಾರಿನ ಮೀಟರೋ, ನಾನು ಕೊಳ್ಳುವಾಗಲೇ ಸತ್ತಿತ್ತು. ಶೃಂಗೇರಿ ಅಷ್ಟು ದೂರವಾ ಎಂದು ಗಿರಾಕಿ ತಕರಾರು ತೆಗೆದರೆ ಸಾಯ್ಬರೇ ನ್ಯಾಯಾಧೀಶರು. ಗೋಡೆಗೆ ಅಂಟಿಸಿದ್ದ ಜಿಲ್ಲೆಯ ನಕ್ಷೆಯ ಮೇಲೆ ಹೊಲಿಗೆ ದಾರವನ್ನು ಎಂಜಲು ಹಚ್ಚಿ ಕೂರಿಸುವರು, ತಿರುವು ಬಂದಲ್ಲೆಲ್ಲ ಉಗುರಿನಿಂದ ಒತ್ತುವರು. ಆಮೇಲೆ ಅದನ್ನು ನೆಟ್ಟಗೆ ಎಳೆದು ನಕ್ಷೆಯ ಅಡಿಯಲ್ಲಿದ್ದ ಅಳತೆಗೆ ಹಿಡಿಯುವರು. ಹಿಡಿಯುವ ಮೊದಲು ಒಂದು ಬೆರಳಿನಷ್ಟು ದಾರ ಹೆಚ್ಚಿಗೆ ಸೇರಿಸುವರು!

“ಇದೆಂತ ಸಾಯ್ಬ್ರೇ, ರಸ್ತೆಗೂ ಒಳಗೆ ಬಟ್ಟೆ ಬಿಡೋದಾ?” ಎಂದು ನಾನು ನಕ್ಕರೆ ಅವರು ನಗುತ್ತಿರಲಿಲ್ಲ.

“ಅಂಗಿ ಆದ್ರೂ ದಾರಿ ಆದ್ರೂ ಸ್ವಲ್ಪ ಬಿಟ್ಟೇ ಅಳೀಬೇಕು ಮಾರಾಯ. ಹೇಳಿದ್ದಕ್ಕಿಂತ ಬೇಗ ತಲುಪಿಸಿದ್ರೆ ಯಾರೂ ಬೈಯಲ್ಲ.”

ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ತಾವೇ ಜಡೆ ಹಾಕಿ ಬೆಳೆಸಿದವರು. ಅವಳಿಗೆ ಎರಡು ಸಂಬಂಧ ಬಂದವು, ಒಂದು ಶೃಂಗೇರಿಯದು, ಇನ್ನೊಂದು ನರಸಿಂಹರಾಜಪುರದ್ದು. ಹುಡುಗರಿಬ್ಬರೂ ಒಳ್ಳೆಯವರೇ. ಸಾಯ್ಬರು ಗೋಡೆಯ ಮುಂದೆ ನಿಂತು ಎರಡು ಊರಿಗೂ ದಾರ ಹಿಡಿದರು. ನರಸಿಂಹರಾಜಪುರದ ದಾರ ಗಿಡ್ಡ ಬಂತು. ಆ ಹುಡುಗನೇ ಗೊತ್ತಾದ. ದಾರದಲ್ಲಿ ಅಳೆದು ಅಳಿಯನನ್ನು ಆರಿಸಿದ ಮಹಾನುಭಾವ ಈ ಲೋಕದಲ್ಲಿ ಅವರೊಬ್ಬರೇ ಇರಬೇಕು.

“ಈ ಸಲ ಎಂತ ಬಿಡ್ಲೇ ಇಲ್ವಲ್ಲ?” ಎಂದೆ.

“ಮಗಳ ಮನೆ ದಾರಿಗೆ ಎಂತಕ್ಕೆ ಬಿಡೋದು? ಬಿಗಿಯಾಗೇ ಇರ್ಲಿ.”

ಮದುವೆಯಾದ ಮೇಲೆ ವಾರಕ್ಕೊಮ್ಮೆ ಬಸ್ ಹತ್ತಿ ಮಗಳ ಮನೆಗೆ ಹೋಗಿ ಬರುತ್ತಿದ್ದರು. ಬಂದ ದಿನ ಅವರ ಮುಖ ನೋಡಬೇಕಿತ್ತು! ಆದರೆ ವರ್ಷ ತುಂಬುವುದರೊಳಗೆ ಅಳಿಯನಿಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿತು, ಮಗಳೂ ಹೊರಟಳು. ಅವತ್ತು ಸಾಯ್ಬರು ದಾರವನ್ನು ನಕ್ಷೆಯ ಅಂಚಿನವರೆಗೆ ತಂದರು. ಅಲ್ಲಿಗೆ ಕಾಗದ ಮುಗಿದಿತ್ತು.

“ಮುಂದೆ ಎಷ್ಟಿದೆ ಮಾರಾಯ?”

ನಾನು ಶಿವಮೊಗ್ಗ ದಾಟಿದವನಲ್ಲ. ಗೊತ್ತಿಲ್ಲ ಎಂದೆ.

ಆಮೇಲೆ ಅವರು ರಜೆಯ ದಿನ ಬಂದು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಎಲ್ಲಿಗೆ ಎಂದರೆ, “ಎಲ್ಲಿಗೂ ಬೇಡ. ಬಾಡಿಗೆ ಬಂದ್ರೆ ಇಳೀತೀನಿ” ಎನ್ನುವರು. ಗಿರಾಕಿ ಬಂದರೆ ಬಾಗಿಲು ತೆಗೆದು ಅವರನ್ನು ಹತ್ತಿಸಿ, ತಾವು ರಸ್ತೆಯ ಪಕ್ಕ ನಿಂತುಕೊಳ್ಳುವರು. ತಿರುವು ಬರುವವರೆಗೂ ಆ ಮನುಷ್ಯ ಅಲ್ಲೇ ನಿಂತಿರುವುದು ನನ್ನ ಕನ್ನಡಿಯಲ್ಲಿ ಕಾಣುತ್ತಿತ್ತು.

ಕೆಲವು ವರ್ಷ ಹೀಗೇ ಕಳೆಯಿತು. ಒಂದು ಮಳೆಗಾಲ ಅವರು ಹಾಸಿಗೆ ಹಿಡಿದರು. ಅವಳಿಗೆ ಸುಮ್ಮನೆ ಗಾಬರಿ ಮಾಡಬೇಡ ಎಂದು ಅವರು ಹೇಳಿದರೂ ಕೇಳದೆ ನಾನು ಮಗಳಿಗೆ ಟೆಲಿಗ್ರಾಂ ಕೊಟ್ಟೆ. ಟಿಕೆಟ್ ಸಿಗದೆ ಒಂದು ದಿನ ತಡವಾಗಿ ಹೊರಟಿದ್ದೇನೆಂದು ಉತ್ತರ ಬಂತು. ಅವಳನ್ನು ಕರೆತರಲು ನಾನು ಶಿವಮೊಗ್ಗಕ್ಕೆ ಹೋಗುವಷ್ಟರಲ್ಲಿ ಸಾಯ್ಬರು ತೀರಿಕೊಂಡು ಮಣ್ಣೂ ಮುಗಿದಿತ್ತು. ಅವಳು ಬಸ್ಸಿಳಿದಾಗ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

ತೀರ್ಥಹಳ್ಳಿ ದಾಟಿದ ಮೇಲೆ ಹಿಂದಿನ ಸೀಟಿನಿಂದ ಕೇಳಿದಳು: “ಅಣ್ಣಾ, ಒಂದು ದಿನ ಮುಂಚೆ ಹೊರಟಿದ್ರೆ ಅಬ್ಬಾ ಸಿಗ್ತಿದ್ರಾ?”

“ಇಲ್ಲ ತಂಗಿ. ಸಿಗ್ತಿರ್ಲಿಲ್ಲ.”

ಅವಳು ಬಂದಿಳಿಯುವ ಹಿಂದಿನ ಸಂಜೆಯವರೆಗೂ ಅವರು ಜೀವ ಹಿಡಿದುಕೊಂಡಿದ್ದರು. ಹೊರಗೆ ಬಸ್ಸೊಂದು ನಿಂತಾಗಲೆಲ್ಲ “ಬಂದ್ಲಾ ನೋಡು ಮಾರಾಯ” ಎಂದು ನನ್ನನ್ನು ಎಬ್ಬಿಸಿ ಕಳಿಸುತ್ತಿದ್ದರು. ಅದನ್ನು ಅವಳಿಗೆ ನಾನು ಇವತ್ತಿಗೂ ಹೇಳಿಲ್ಲ.