ಬರ್ರಿ ಅನ್ನದ ಹೊನ್ನವ್ವ

ರೋಣದ ಪೇಟೆಯಲ್ಲಿ ಅಂದಾನೆಪ್ಪ ಎಂಬೊಬ್ಬ ಬಡಪಾಯಿ ಇದ್ದ. ಬಡಪಾಯಿ ಎಂದರೆ ಅನ್ನಕ್ಕೆ ಗತಿಯಿಲ್ಲದವನೇನಲ್ಲ. ಪುರ್ತಗೇರಿಯಲ್ಲಿ ಅಣ್ಣ ಮಾಡುತ್ತಿದ್ದ ಹೊಲದಿಂದ ವರ್ಷದ ಜೋಳ ಬರುತ್ತಿತ್ತು. ಮುಲ್ಕಿ ಪರೀಕ್ಷೆ ಪಾಸಾಗಿದ್ದ, ಮನಸ್ಸು ಮಾಡಿದ್ದರೆ ಸಾಲಿ ಮಾಸ್ತರನಾಗಿ ಹಾಯಾಗಿರಬಹುದಿತ್ತು. ಆಗಲಿಲ್ಲ. ಪುಸ್ತಕದ ಹುಚ್ಚು ಹತ್ತಿ ವಾಚನಾಲಯ ತೆರೆದು ಕೂತ. ಊರಿಗೆ ಜ್ಞಾನ ಹಂಚುತ್ತೇನೆಂದು ಹೊರಟವರ ಪಾಡು ಏನಾಗುತ್ತದೆಂದು ಬಲ್ಲವರು ಅವತ್ತೇ ನಕ್ಕಿದ್ದರು.

ವಾಚನಾಲಯವೆಂದರೆ ಶೇಂಗಾ ವ್ಯಾಪಾರಿ ಗುರುಸಂಗಪ್ಪನ ಮನೆಗೆ ಹೊಂದಿಕೊಂಡ ಒಂದು ಖೋಲಿ, ಕೂಡಲು ಎರಡು ಬಾಂಕು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಪಾಟು. ಗುರುಸಂಗಪ್ಪನೇನು ವಿದ್ಯಾಪ್ರೇಮಿಯಲ್ಲ. ಪುಸ್ತಕ ಕಂಡರೆ ಅದರ ಹಾಳೆಯಲ್ಲಿ ಎಷ್ಟು ಪೊಟ್ಟಣ ಕಟ್ಟಬಹುದು ಎಂದು ಲೆಕ್ಕ ಹಾಕುವ ಆಸಾಮಿ. ಆದರೂ ಖೋಲಿ ಕೊಟ್ಟಿದ್ದ. ಅದಕ್ಕೆ ಕಾರಣ ಅವನ ತಾಯಿ ಹೊನ್ನವ್ವ.

"ನೋಡ ಅಂದಾನೆಪ್ಪಾ," ಎಂದು ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದ. "ನಮ್ಮವ್ವ ಪುಸ್ತಕ ಹಿಡಕೊಂಡು ಕುಂತಳಂದ್ರ ಮನ್ಯಾಗ ಯಾರ ಜೋಡಿನೂ ಜಗಳ ತಗಿಯಂಗಿಲ್ಲ. ಆಕಿ ಓದೂತನಕ ಖೋಲಿ ನಿಂದು. ಓದೂದು ಬಿಟ್ಟ ದಿವಸ ಸೇಂಗಾ ಚೀಲ ತಂದು ಒಟ್ಟತೀನಿ. ಈ ಮಾತು ಮಾತ್ರ ಅವ್ವಗ ಗೊತ್ತಾಗಬಾರದು."

ಹೊನ್ನವ್ವ ಐವತ್ತು ದಾಟಿದ ಮೇಲೆ, ಮೊಮ್ಮಗಳು ನೀಲವ್ವನ ಪಾಟಿಯ ಮೇಲೆ ಅಕ್ಷರ ತಿದ್ದಿ ಓದು ಕಲಿತವಳು. ತಡವಾಗಿ ಹತ್ತಿದ ಚಟ ಬಲು ಜೋರು. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಕೂತು, ದಾರ ಕಟ್ಟಿದ ಚಾಳೀಸು ಮೂಗಿಗೇರಿಸಿ, ಒಂಬತ್ತು ವರ್ಷದಲ್ಲಿ ಕಪಾಟನ್ನೇ ಬರಿದು ಮಾಡಿದಳು. ಪುರಾಣ ಮುಗಿಯಿತು, ಪತ್ತೇದಾರಿ ಮುಗಿಯಿತು, ದನದ ರೋಗಗಳ ಪುಸ್ತಕವೂ ಮುಗಿಯಿತು. ಕೊನೆಗೆ ದಿಕ್ಕು ತೋಚದೆ ಅಂದಾನೆಪ್ಪ ಹಳೆಯದೊಂದು ರೈಲ್ವೆ ವೇಳಾಪಟ್ಟಿಯನ್ನು "ಇದೂ ಭಾಳ ಚಲೋ ಐತ್ರಿ ಅವ್ವಾರ" ಎಂದು ಕೊಟ್ಟುಬಂದ. ಮೂರನೆಯ ದಿನ ಅದು ಮರಳಿ ಬಂತು.

"ಗಾಡಿ ಬಂದಾವ, ಹೊಂಟಾವ, ಖರೆ. ಆದ್ರ ಒಬ್ಬರೂ ಇಳದು ಏನೂ ಮಾಡಲಿಲ್ಲಲ್ಲೋ ತಮ್ಮಾ?" ಎಂದಳು ಹೊನ್ನವ್ವ. "ಹೊಸಾದು ಏನರ ಇದ್ರ ಕೊಡು. ಇಲ್ಲಂದ್ರ ಸಾಕು ಈ ಓದು. ಹಪ್ಪಳರ ಮಾಡಕೋತ ಕುಂದರತೀನಿ."

ಹಪ್ಪಳ ಎಂದಳಲ್ಲ, ಅಂದಾನೆಪ್ಪನ ಕಿವಿಗೆ ಬಿದ್ದದ್ದು ಶೇಂಗಾ ಚೀಲ ಧೊಪ್ಪೆಂದು ಖೋಲಿಯಲ್ಲಿ ಬಿದ್ದ ಸಪ್ಪಳ.

ಸಂತೆಯ ದಿನ ಗಜೇಂದ್ರಗಡದ ಜಮಾಲಸಾಬ ಹಳೆ ಪುಸ್ತಕದ ಗಂಟು ತರುತ್ತಿದ್ದ. ಅಂದಾನೆಪ್ಪ ಅವನ ಮುಂದೆ ಗೋಳು ತೋಡಿಕೊಂಡ. ಜಮಾಲಸಾಬ ಅತ್ತಿತ್ತ ನೋಡಿ, ಗಂಟಿನ ತಳದಿಂದ ಮೂರು ಕಾದಂಬರಿ ಎಳೆದು ಕೊಟ್ಟ.

"ಇವನ್ನ ಒಯ್ಯಿರಿ. ಇದರಾಗ ಸತ್ತಾಂವ ಒಬ್ಬ ಏಳತಾನ್ರಿ. ಎದ್ದು, ಮಂದಿ ಕುತ್ತಿಗಿ ಕಚ್ಚಿ ರಕ್ತ ಕುಡೀತಾನ. ಕಚ್ಚಿಸಿಕೊಂಡಾವರೂ ಅವನಂಗ ಆಗತಾರ."

"ಅಯ್ಯೋ, ಅವ್ವಾರು ಅಂಜಿಕೊಂಡ್ರ?"

"ಗುರುಸಂಗಪ್ಪ ಸಾವಕಾರ್ರ ತಾಯಿ ಅಲ್ಲೇನ್ರಿ?" ಎಂದ ಜಮಾಲಸಾಬ. "ಅಂಜಿದ್ರ ಅವನ ಅಂಜಬೇಕು."

ಮೊದಲನೆಯದಕ್ಕೆ ರಟ್ಟೇ ಇರಲಿಲ್ಲ, ಹೆಸರು ಯಾರಿಗೂ ಗೊತ್ತಿಲ್ಲ. ಹೊನ್ನವ್ವ ಎರಡೇ ದಿನದಲ್ಲಿ ಮುಗಿಸಿ, ಕಣ್ಣು ಅಗಲಿಸಿ ಕೂತಿದ್ದಳು. ಅಂಜಿರಲಿಲ್ಲ, ಖುಷಿಯಾಗಿದ್ದಳು. ಆದರೆ ತಕರಾರು ಬಹಳ ಇದ್ದವು.

"ಈ ಹಲ್ಲಿನಾಂವಗ ಬಳ್ಳೊಳ್ಳಿ ವಾಸನಿ ಆಗಿಬರಂಗಿಲ್ಲಂತ. ಹಂಗಾದ್ರ ನಮ್ಮ ಕಡೆ ಬಂದು ಏನ ಮಾಡತಾನವ? ಇಲ್ಲಿ ಯಾರನ್ನ ಕಚ್ಚಿದ್ರೂ ಬಾಯಾಗ ಕೆಂಪು ಚಟ್ನಿನ ಬರತೈತಿ. ಉಪಾಸ ಬಿದ್ದು ಮತ್ತೊಮ್ಮೆ ಸಾಯತಾನ. ಇರಲಿ, ಎರಡನೇದು ತಾ."

ಎರಡನೆಯದು 'ನೆತ್ತರ ನೆಂಟ'. ಅದರ ಪಿಶಾಚಿ ಕನ್ನಡಿಯಲ್ಲಿ ಕಾಣುವುದಿಲ್ಲ. "ನಮ್ಮ ಪಡಸಾಲಿ ಕನ್ನಡ್ಯಾಗ ನಾನೂ ಕಾಣಂಗಿಲ್ಲ, ಅದರಾಗ ಏನ ದೊಡ್ಡಸ್ತಿಕಿ?" ಎಂದು ಹೊನ್ನವ್ವ ಅದನ್ನೂ ಮೆಚ್ಚಿ ಮರಳಿಸಿದಳು. ಅಂದಾನೆಪ್ಪನಿಗೆ ಹೋದ ಜೀವ ಬಂದಂತಾಯಿತು. ಖೋಲಿ ಉಳಿಯಿತು ಎಂದುಕೊಂಡು ಹಿಗ್ಗಿ ಹೀರೇಕಾಯಿಯಾಗಿ ಮೂರನೆಯದನ್ನು ಕೊಟ್ಟ. ತಾನು ಓದಿ ನೋಡಿ ಕೊಟ್ಟಿದ್ದರೆ ಅವನ ಅಪ್ಪನ ಗಂಟೇನು ಹೋಗುತ್ತಿತ್ತು? ಓದಲಿಲ್ಲ.

ಮೂರನೆಯದರ ಹೆಸರು 'ಹೊಸ್ತಿಲ ಹೊರಗಿನ ಹಸಿವು'. ಅದರ ಇಪ್ಪತ್ತೆಂಟನೆಯ ಪುಟದಲ್ಲಿ ಒಂದು ನಿಯಮ ಇತ್ತು: ರಕ್ತಪಿಶಾಚಿ ತಾನಾಗಿ ಯಾರ ಮನೆಯ ಹೊಸ್ತಿಲನ್ನೂ ದಾಟಲಾರ. ಮನೆಯವರು ಬಾಯಿ ಬಿಟ್ಟು ಒಳಗೆ ಕರೆದರೆ ಮಾತ್ರ ದಾಟಬಲ್ಲ.

ಹೊನ್ನವ್ವ ಪುಸ್ತಕ ಮುಚ್ಚಿ ಎದೆ ಮೇಲೆ ಕೈ ಇಟ್ಟುಕೊಂಡಳು. ಇದು ಬೇರೆ ಸೀಮೆಯಲ್ಲಿ ಸಣ್ಣ ಮಾತಿರಬಹುದು. ರೋಣದಲ್ಲಿ ಓಣಿ ಹಿಡಿದು ಹೋಗುವ ನರಪಿಳ್ಳೆಯನ್ನೂ "ಬರ್ರಿ" ಅನ್ನದೆ ಬಿಡುವುದುಂಟೇ? ಪರಿಚಯ ಇದ್ದರೂ ಬರ್ರಿ, ಇಲ್ಲದಿದ್ದರೂ ಬರ್ರಿ. ಯಾವ ಹಲ್ಲಿನವನಿಗೂ ಇಷ್ಟು ಸಸಾರದ ಊರು ಭೂಮಿಯ ಮೇಲೆ ಇನ್ನೊಂದು ಇರಲಿಕ್ಕಿಲ್ಲ. ಅವತ್ತಿನಿಂದ ಆಕೆ ಆ ಮಾತನ್ನೇ ಬಿಟ್ಟಳು.

ಶೇಂಗಾ ಹೇರಿಕೊಂಡು ಮೆಣಸಗಿಯಿಂದ ಬಂದ ರೈತರು ಬಾಗಿಲಲ್ಲಿ ನಿಂತರು. ಹೊನ್ನವ್ವ ನಕ್ಕಳು, ಮಳೆ ಕೇಳಿದಳು, ಎತ್ತಿನ ಕ್ಷೇಮ ಕೇಳಿದಳು. ಬರ್ರಿ ಅನ್ನಲಿಲ್ಲ. ಕರೆಯದ ಮನೆಗೆ ಹೋಗಲು ಅವರೇನು ನಾಯಿಗಳೇ? ಬಂಡಿ ತಿರುಗಿಸಿಕೊಂಡು ಎದುರಿನ ಅಂಗಡಿಗೆ ನಡೆದರು. ಒಂದು ವಾರ ಹೀಗೇ ನಡೆದ ಮೇಲೆ ಗುರುಸಂಗಪ್ಪನಿಗೆ ಮೂಲ ಗೊತ್ತಾಯಿತು. ಧೋತರದ ಚುಂಗು ಹಿಡಿದುಕೊಂಡೇ ವಾಚನಾಲಯಕ್ಕೆ ನುಗ್ಗಿದ.

"ಏನ ಓದಾಕ ಕೊಟ್ಟೀಲೇ ನಮ್ಮವ್ವಗ? ಐತವಾರ ಬೆಳವಣಕಿಯಾವರು ನಮ್ಮ ನೀಲವ್ವನ್ನ ನೋಡಾಕ ಬರತಾರ. ಮನಿ ಹಿರ್ಯಾಳು ಬಾಗಲದಾಗ ನಿಂತು ಬರ್ರಿ ಅನಬೇಕು. ಅನಲಿಲ್ಲಂದ್ರ ಸಂಬಂಧ ಮುರೀತು. ಸಂಬಂಧ ಮುರೀತಂದ್ರ ಸಂಜಿ ಅನ್ನೂದರಾಗ ನಿನ್ನ ಖೋಲಿ ಖಾಲಿ. ನೀನ ಕೆಡಿಸೀದಿ, ನೀನ ನೆಟ್ಟಗ ಮಾಡು!"

ಓದುವುದು ಬಿಟ್ಟರೂ ಖೋಲಿ ಹೋಗುತ್ತದೆ, ಓದಿದರೂ ಖೋಲಿ ಹೋಗುತ್ತದೆ. ಅಂದಾನೆಪ್ಪನಿಗೆ ಅತ್ತ ದರಿ, ಇತ್ತ ಪುಲಿ.

ಐತವಾರ ಮಧ್ಯಾಹ್ನ ಸವಾರಿ ಬಂಡಿ ಬಂದು ನಿಂತಿತು. ಮೊದಲು ಇಳಿದವನು ವರನ ಸೋದರಮಾವ ದ್ಯಾಮಪ್ಪ. ಶಿವನೇ, ಎಂಥ ಮನುಷ್ಯನನ್ನು ಕಳಿಸಿದೆ! ಕಾಮಾಲೆಯಿಂದ ಈಗಷ್ಟೇ ಎದ್ದು ಬಿಳಿಚಿಕೊಂಡ ಮುಖ, ಎಲೆ ಅಡಿಕೆ ಮೆದ್ದು ಕೆಂಪಗಾದ ತುಟಿ, ಆ ತುಟಿಯ ಮೇಲೆ ಬಂದು ಕೂತ ಎರಡು ಉದ್ದನೆಯ ಹಲ್ಲು. ಕಂಬಕ್ಕೆ ಆತು ನಿಂತಿದ್ದ ಅಂದಾನೆಪ್ಪನೇ ಕಂಬದ ಹಿಂದೆ ಸರಿದ. ಇನ್ನು ಹೊನ್ನವ್ವನ ಪಾಡು ಕೇಳಬೇಕೇ?

"ಅವ್ವಾರ, ಹಾಡಹಗಲ ಬಂದಾರ್ರಿ," ಎಂದು ಅಂದಾನೆಪ್ಪ ಪಿಸುಗುಟ್ಟಿದ. "ಹಲ್ಲಿನಾಂವ ಬಿಸಲಾಗ ಬರಂಗಿಲ್ರಿ."

"ಮೋಡ ಇದ್ರ ಬರತಾನ. ಅರವತ್ತೊಂದನೇ ಪುಟ. ಮ್ಯಾಲ ನೋಡು."

ಅಂದಾನೆಪ್ಪ ಮೇಲೆ ನೋಡಿದ. ಹಾಳಾದ್ದು, ಮೋಡ ಇತ್ತು.

ಹೊನ್ನವ್ವ ಅತಿಥಿಗಳಿಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ತಂಬಿಗೆಯಲ್ಲಿ ನೀರು ಕೊಟ್ಟಳು, ಅವರು ಕಾಲು ತೊಳೆದರು. "ಆರಾಮ ಅದೀರಿ?" ಅಂದಳು, ಅವರು ಹೌದು ಅಂದರು. "ದಾರ್ಯಾಗ ತ್ರಾಸ ಆತನು?" ಅಂದಳು, ಇಲ್ಲ ಅಂದರು. "ಹೊಟ್ಟಿ ಹಸದಾವೇನು?" ಎಂದು ದ್ಯಾಮಪ್ಪನ ಹಲ್ಲನ್ನೇ ನೋಡುತ್ತ ಕೇಳಿದಳು. "ಭಾಳ ಹಸದಾವ್ರಿ" ಎಂದ ಆ ಪುಣ್ಯಾತ್ಮ. ಹೊನ್ನವ್ವ ಎರಡು ಹೆಜ್ಜೆ ಹಿಂದೆ ಸರಿದಳು.

ತೊಳೆದ ಕಾಲು ಒಣಗಿತು. ಆರು ಜನ ಹೊಸ್ತಿಲ ಹೊರಗೆ, ಮನೆಯವರೆಲ್ಲ ಒಳಗೆ, ನಡುವೆ ಯಾರೂ ಆಡದ ಒಂದು ಮಾತು. ಒಳಕೋಣೆಯ ಬಾಗಿಲ ಸಂದಿಯಲ್ಲಿ ನೀಲವ್ವನ ಕಣ್ಣಲ್ಲಿ ನೀರು. ಖೋಲಿ ಹೋದರೆ ಹೋಗಲಿ, ಈ ಹುಡುಗಿಯ ಬಾಳಲ್ಲಿ ಯಾಕೆ ಕಲ್ಲು ಹಾಕಿದೆನೋ ಎಂದು ಅಂದಾನೆಪ್ಪ ತನ್ನನ್ನೇ ಬೈದುಕೊಂಡ. ಗುರುಸಂಗಪ್ಪ ತಾನೇ "ಬರ್ರಿ ಬರ್ರಿ" ಎಂದು ಮುಂದೆ ಬಂದ. ಆದರೆ ಬೆಳವಣಕಿಯವರೂ ರಿವಾಜು ಬಲ್ಲವರು. ಹಿರಿಯಳು ಕರೆಯದ ಮನೆಗೆ ಹೆಣ್ಣು ಕೇಳಲು ಹೋಗುವುದು ಹೇಗೆ?

ದ್ಯಾಮಪ್ಪನ ಸಹನೆ ತೀರಿತು. ತಲೆಯ ಪಟಕಾ ಸರಿಮಾಡಿಕೊಂಡು, ಸಿಟ್ಟು ನುಂಗಿ ಕೈ ಮುಗಿದ. ಎಷ್ಟೇ ಸಿಟ್ಟಿದ್ದರೂ ನಮ್ಮವರು "ಹೋಗತೇವಿ" ಅನ್ನುತ್ತಾರೆಯೇ? ಅದು ಅಪಶಕುನ.

"ಆತ್ರಿ ಯವ್ವಾ. ಬರತೇವ್ರಿ ಹಂಗಾದ್ರ," ಎಂದ.

ಹೊರಟು ನಿಂತವರಿಗೆ ಹೊನ್ನವ್ವ ಐವತ್ತು ವರ್ಷದಿಂದ ಒಂದೇ ಉತ್ತರ ಕೊಟ್ಟಿದ್ದಳು. ಪೀಡೆ ಹೊರಟಿತಲ್ಲ ಎಂಬ ಸಮಾಧಾನದಲ್ಲಿ ಅದು ಬಾಯಿಂದ ತಾನಾಗಿ ಉದುರಿತು.

"ಹೂನ್ರಿ, ಬರ್ರಿ."

ಆ ಒಂದು ಮಾತಿಗೆ ಬಾಯಾರಿ ನಿಂತಿದ್ದ ದ್ಯಾಮಪ್ಪನ ಮುಖ ಅರಳಿತು. "ಬಂದ್ವಿರಿ!" ಎಂದವನೇ ಹೊಸ್ತಿಲು ದಾಟಿ ಒಳಗೆ ಬಂದು ಜಮಖಾನದ ಮೇಲೆ ಕೂತೇಬಿಟ್ಟ. ಹಿಂದೆ ಐದೂ ಜನ ಬಂದರು. ಹೊನ್ನವ್ವ ಬಾಯಿಗೆ ಕೈ ಅಡ್ಡ ಹಿಡಿದು ನಿಂತಲ್ಲೇ ನಿಂತಳು. ದ್ಯಾಮಪ್ಪ ಬಳ್ಳೊಳ್ಳಿ ಚಟ್ನಿ ಹಚ್ಚಿಕೊಂಡು ಐದು ರೊಟ್ಟಿ ತಿಂದ. ಆರನೆಯದು ಕೇಳಿದಾಗ ಆಕೆಗೆ ಉಸಿರು ಬಂತು. ಸಂಜೆಯೊಳಗೆ ಸಂಬಂಧ ಗಟ್ಟಿಯಾಯಿತು.

ಬಂಡಿ ಹೋದ ಮೇಲೆ ಹೊನ್ನವ್ವ ಮೂರನೆಯ ಪುಸ್ತಕವನ್ನು ಅಂದಾನೆಪ್ಪನ ಕೈಗಿಟ್ಟಳು.

"ಇದನ್ನ ಬರದಾಂವಗ ಏನೂ ತಿಳಿಯಂಗಿಲ್ಲ. ಐವತ್ತು ವರ್ಷ ಬರೂವಾಗೂ ಬರ್ರಿ ಅಂದೀನಿ, ಹೋಗೂವಾಗೂ ಬರ್ರಿ ಅಂದೀನಿ. ಇದು ಖರೇ ಇದ್ರ ರೋಣದಾಗ ಒಬ್ಬರ ಮೈಯಾಗರ ರಕ್ತ ಉಳೀತಿತ್ತೇನು? ಸಾಕಪ್ಪಾ. ಇನ್ನ ನಾ ಓದಂಗಿಲ್ಲ."

ಅಂದಾನೆಪ್ಪ ತಡೆಯಲಾರದೆ ಎಲ್ಲ ಹೇಳಿಬಿಟ್ಟ. ಆಕೆ ಓದುವವರೆಗೆ ಖೋಲಿ, ಬಿಟ್ಟ ದಿನ ಚೀಲ. ಅಳುವೇ ಬಂದಿತ್ತು ಅವನಿಗೆ. "ಆ ಖೋಲಿ ಬಿಟ್ರ ನನಗ ಬ್ಯಾರೆ ಏನೂ ಇಲ್ರಿ ಅವ್ವಾರ."

ಹೊನ್ನವ್ವ ಚಾಳೀಸು ಮೂಗಿನ ತುದಿಗೆ ಸರಿಸಿ ಅವನನ್ನು ನೋಡಿದಳು.

"ಅಂದ್ರ ಆ ರೈಲ್ವೆ ಪುಸ್ತಕ ಚಲೋ ಐತಿ ಅಂದದ್ದು?"

"ಸುಳ್ಳು ರೀ."

"ಒಂಬತ್ತು ವರ್ಷ ನನ್ನ ಕಣ್ಣಿನ ರಕ್ತ ಹೀರಿದಾಂವ ನೀನ ಏನು? ಮತ್ತ ನಾ ಬೆಳವಣಕಿಯಾವನ ಹಲ್ಲ ನೋಡಕೋತ ನಿಂತಿದ್ನಿ!" ಎಂದವಳೇ ಒಳಗೆ ತಿರುಗಿ ಕೂಗಿದಳು. "ಗುರುಸಂಗಾ! ಬಾ ಇಲ್ಲೆ."

ಗುರುಸಂಗಪ್ಪ ಓಡಿ ಬಂದ.

"ಕೇಳು. ನಾ ಓದಲಿ, ಬಿಡಲಿ, ಇರಲಿ, ಸಾಯಲಿ. ಆ ಖೋಲ್ಯಾಗ ಒಂದು ಚೀಲ ಬಿತ್ತಂದ್ರ ಎದ್ದು ಬರತೀನಿ. ನಮ್ಮನ್ನ ಕುಂದರಿಸೇ ಹೂಳತಾರ, ಏಳಾಕ ಹೊತ್ತೇನ ಹಿಡಿಯಂಗಿಲ್ಲ. ಬರ್ರಿ ಅಂತ ನನಗ ಯಾರೂ ಅನ್ನೂದೂ ಬೇಕಾಗಿಲ್ಲ. ಇದು ನನ್ನ ಮನಿ!"

ಹೊನ್ನವ್ವ ಆಮೇಲೆ ಹನ್ನೊಂದು ವರ್ಷ ಬದುಕಿದಳು. ಓದುವುದನ್ನೇನೂ ಬಿಡಲಿಲ್ಲ, ಬೈಯುತ್ತಲೇ ಓದಿದಳು. ಆಕೆ ತೀರಿಕೊಂಡ ವರ್ಷ ಶೇಂಗಾ ಸುಗ್ಗಿ ಭರ್ಜರಿಯಾಗಿ ಬಂತು, ಚೀಲ ಇಡಲು ಅಂಗಳ ಸಾಲಲಿಲ್ಲ. ಗುರುಸಂಗಪ್ಪ ಮುಂಜಾನೆ ವಾಚನಾಲಯದ ಬಾಗಿಲಿಗೆ ಬಂದು ನಿಂತ. ಅಂದಾನೆಪ್ಪ ಎದ್ದು ಕಪಾಟಿಗೆ ಅಡ್ಡ ನಿಂತ. ಗುರುಸಂಗಪ್ಪ ಅವನತ್ತ ನೋಡಲಿಲ್ಲ. ಒಳಗೆ ಇಣುಕಿ, ಖಾಲಿ ಬಾಂಕಿಗೆ, "ಅವ್ವಾ, ಇಲ್ಲೆ ಚೀಲ ಹಾಕಿಲ್ಲ ನೋಡು," ಎಂದು ಹೇಳಿ ಅಂಗಡಿಗೆ ಹೋದ.